ಕೆಂಪು ಪೆನ್ನಿನ ಮಾಸ್ತರನಿಂದ ಹಳೆಯ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಶಾಲೆಗಳಲ್ಲಿ ನನ್ನ ಹತ್ತಿರ ಕನ್ನಡ ಓದಿದ ಹುಡುಗ ಹುಡುಗಿಯರೇ,

ಹಾಗೆ ಕರೆದೆನೆಂದು ನಗಬೇಡಿ. 1983ರಲ್ಲಿ ನಾನು ಮೊದಲು ಪಾಠ ಹೇಳಿದ ತರಗತಿಯವರಿಗೆ ಈಗ ಮೊಮ್ಮಕ್ಕಳಿದ್ದಾರೆ, ಗೊತ್ತು. ಆದರೆ ಹಾಜರಿ ಪುಸ್ತಕದಲ್ಲಿ ಎಷ್ಟಿದ್ದಿರೋ ನನ್ನ ತಲೆಯಲ್ಲಿ ಇವತ್ತಿಗೂ ಅಷ್ಟೇ ಇದ್ದೀರಿ. ಹಳಿಯಾಳದಲ್ಲಿ ಒಂಬತ್ತು ವರ್ಷ, ಮುಂಡಗೋಡದಲ್ಲಿ ಏಳು, ಜೋಯಿಡಾದ ಕಾಡಿನೊಳಗೆ ಆರು, ಉಳಿದದ್ದೆಲ್ಲ ದಾಂಡೇಲಿ. 2014ರಲ್ಲಿ ನಿವೃತ್ತನಾದೆ. ಈ ಪತ್ರವನ್ನು ನಿಮ್ಮ ವಾಟ್ಸಾಪ್ ಗುಂಪಿಗೇ ಹಾಕಬಹುದಿತ್ತು. ಹಾಕಿದರೆ ನೀವು ಮತ್ತೆ ಕೈ ಮುಗಿಯುತ್ತೀರಿ. ಅದಕ್ಕೇ ಹೀಗೆ ಅಚ್ಚಿಗೆ ಕೊಟ್ಟಿದ್ದೇನೆ.

ಹೋದ ಆಷಾಢದಲ್ಲಿ ನನ್ನ ಹೆಂಡತಿ ತೀರಿಕೊಂಡಳು. ನಿಮ್ಮಲ್ಲಿ ಬಹಳ ಜನ ಅವಳು ಕಲಸಿದ ಅವಲಕ್ಕಿ ತಿಂದವರು. ಸುದ್ದಿ ಗುಂಪಿಗೆ ಬಿದ್ದ ಅರ್ಧ ಗಂಟೆಯಲ್ಲಿ ಕೈಮುಗಿದ ಚಿತ್ರಗಳು ಬರತೊಡಗಿದವು. ನಿದ್ದೆ ಬಾರದ ರಾತ್ರಿ ಕೂತು ಎಣಿಸಿದೆ, 41. ಜೊತೆಗೆ ಏಳೆಂಟು ಹೂವು, ಎರಡು ದೀಪ. ಅಕ್ಷರ ಒಂದೂ ಇಲ್ಲ. ನನಗೆ ಸಿಟ್ಟು ಬಂದಿತ್ತು. ಮೂವತ್ತೊಂದು ವರ್ಷ ಕನ್ನಡ ಕಲಿಸಿದವನ ಮನೆಯಲ್ಲಿ ಸಾವಾದರೆ ಎರಡು ಸಾಲು ಕನ್ನಡ ಬರೆಯಲಿಕ್ಕೆ ಇವರಿಗೆ ಆಗಲಿಲ್ಲವೇ ಎಂದು.

ಹದಿಮೂರನೆಯ ದಿನ ಊಟಕ್ಕೆ ಬಂದ ಒಬ್ಬ (ಕಾಗದದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ, 1996ರ ಬ್ಯಾಚು, ಹೆಸರು ಬೇಡ) ಕೈ ತೊಳೆಯುವಾಗ ಹೇಳಿದ: “ಬರೀಬೇಕಂತನ ಕೂತಿದ್ವಿ ಸರ್. ಶ್ರದ್ಧಾಂಜಲಿಗೆ ದ ಒತ್ತೋ ಧ ಒತ್ತೋ ಅಂತ ನಮ್ಮನಮ್ಮೊಳಗ ಜಗಳ ಆತು. ನಿಮಗ ತಪ್ಪು ಬರದು ಹ್ಯಾಂಗ ಕಳಸೂದು? ಅದಕ್ಕ ಕೈ ಮುಗದ್ವಿ.”

ಅವನು ನಗುತ್ತಲೇ ಹೇಳಿದ. ನಾನೂ ನಕ್ಕೆ. ಅವನು ಹೋದ ಮೇಲೆ ನಗು ಬರಲಿಲ್ಲ.

ನಿಮ್ಮೆಲ್ಲರಲ್ಲಿ ಬರೆದವಳು ಒಬ್ಬಳೇ. ಹಳಿಯಾಳ ತಾಲೂಕಿನ ಸಿದ್ದಿ ಕೇರಿಯೊಂದರವಳು, ಹತ್ತನೆಯ ತರಗತಿ ಮುಗಿಸಲಿಲ್ಲ, ನಾನು ವ್ಯಾಕರಣದಲ್ಲಿ ಎರಡು ಸಲ ಫೇಲು ಮಾಡಿದ್ದೆ. ಗುಂಪಿನಲ್ಲಿ ಹಾಕದೆ ನನಗೊಬ್ಬನಿಗೇ ಕಳಿಸಿದ್ದಳು. ಅವಳ ಒಪ್ಪಿಗೆ ಪಡೆದು ಇಲ್ಲಿ ಇದ್ದಂತೆಯೇ ಕೊಡುತ್ತೇನೆ: “ಸರ ಬಾಯೋರು ಹೋದ್ರು ಅಂತ ಕೆಳಿ ಕೆಟ್ಟ ಅನಸ್ತು. ನೀನು ಒಬ್ಬನೆ ಆದಿ. ಊಟ ಬಿಡಬೇಡ. ಮಳೆ ಕಡಿಮೆ ಆದಮೇಲೆ ಬರತೆನೆ.”

ಅಭ್ಯಾಸ ಬಲ, ಓದುವಾಗಲೇ ಎಣಿಸಿದೆ: ಕೆಳಿ, ಒಬ್ಬನೆ, ಬರತೆನೆ. ಎಲ್ಲಕ್ಕಿಂತ ದೊಡ್ಡದು ‘ನೀನು’. ಮಾಸ್ತರನಿಗೆ ಏಕವಚನ. ಹಿಂದಾಗಿದ್ದರೆ ಆ ‘ನೀನು’ ಪದದ ಸುತ್ತ ಕೆಂಪು ವೃತ್ತ ಎಳೆದು, ಪಕ್ಕದಲ್ಲಿ ‘ಗೌರವಾರ್ಥಕ ಬಹುವಚನ ಎಲ್ಲಿ?’ ಎಂದು ಬರೆದು, ಅವಳನ್ನು ಎದ್ದು ನಿಲ್ಲಿಸುತ್ತಿದ್ದೆ. ಅವಳ ಮನೆಮಾತು ಸಿದ್ದಿಗಳ ಕೊಂಕಣಿ. ಅದರಲ್ಲಿ ತಾಯಿಗೂ ‘ತೂ’, ದೇವರಿಗೂ ‘ತೂ’. ಆ ಮಾತಿನಲ್ಲಿ ಯೋಚಿಸಿ ನಮ್ಮ ಲಿಪಿಯಲ್ಲಿ ಬರೆದ ಹೆಣ್ಣುಮಗಳಿಗೆ ನಾನು ಕೊಡಬೇಕಾದ ಅಂಕ ಎಷ್ಟು? ಊಟ ಬಿಡಬೇಡ ಎಂದು ಆ ವಾರ ನನಗೆ ಬರೆದವರು ಬೇರೆ ಯಾರೂ ಇಲ್ಲ.

ಆಗಿನಿಂದ ನನ್ನ ಹಳೆಯ ಲೆಕ್ಕಗಳನ್ನು ತೆಗೆದು ನೋಡುತ್ತಿದ್ದೇನೆ. ಅದರಲ್ಲಿ ಒಂದು ಹೇಳಲೇಬೇಕು.

ಜೋಯಿಡಾ ಕಡೆಯ ಶಾಲೆ, ಎಂಟನೆಯ ತರಗತಿ. ‘ನನ್ನ ಮನೆ’ ಎಂಬ ಪ್ರಬಂಧ ಬರೆಯಲು ಹೇಳಿದ್ದೆ. ಕುಣಬಿ ಹುಡುಗನೊಬ್ಬ ಬರೆದಿದ್ದ: ‘ನನ್ನ ತಂಗಿ ಶಾಲೆಗೆ ಹೋಗುತ್ತದೆ. ಅದು ಬಹಳ ಜಾಣ.’ ನಾನು ಅದನ್ನು ತರಗತಿಗೆ ಓದಿ ಹೇಳಿ, “ಹೋಗುತ್ತದೆಯೋ? ತಂಗಿಯೋ ಎಮ್ಮೆಯೋ?” ಎಂದೆ. ತರಗತಿ ನಕ್ಕಿತು. ಅವನೂ ನಕ್ಕ, ಪಾಪ. ಕೊಂಕಣಿಯಲ್ಲಿ ಚಿಕ್ಕ ಹುಡುಗಿ ನಪುಂಸಕಲಿಂಗ, ‘ತೆಂ’. ಹುಡುಗ ತನ್ನ ಭಾಷೆಯ ವ್ಯಾಕರಣವನ್ನು ಚೂರೂ ತಪ್ಪದೆ ಪಾಲಿಸಿದ್ದ. ಅದು ನನಗೆ ಗೊತ್ತಿರಲಿಲ್ಲವೇ? ಗೊತ್ತಿಲ್ಲದಿದ್ದರೆ ಕ್ಷಮೆಯಾದರೂ ಇರುತ್ತಿತ್ತು. ನಾನು ಹುಟ್ಟಿದ್ದು ಶಿರಸಿ ಬದಿಯ ಹವ್ಯಕರ ಮನೆಯಲ್ಲಿ. ನಮ್ಮ ಮನೆಯಲ್ಲಿ ‘ಆಯಿ ಬಂತು’, ‘ಅಕ್ಕ ಹೋತು’. ಹೆತ್ತ ತಾಯಿಯನ್ನು ದಿನವೂ ನಪುಂಸಕಲಿಂಗದಲ್ಲಿ ಕರೆಯುತ್ತ ಬೆಳೆದವನು, ಶಾಲೆಗೆ ಹೋಗಿ ‘ತಾಯಿಯು ಬಂದಳು’ ಎಂದು ಬರೆಯಲು ಕಲಿತವನು. ನನ್ನ ಮಾಸ್ತರರು ‘ಆಯಿ ಬಂತು’ ಕೇಳಿ ನಕ್ಕಿದ್ದರು. ನಲವತ್ತು ಮಕ್ಕಳ ಎದುರು ಹಾಗೆ ನಗೆಗೀಡಾದ ನೋವನ್ನು ನಾನು ಎಲ್ಲೋ ಇಟ್ಟುಕೊಂಡಿದ್ದೆ. ಅವತ್ತು ಅದನ್ನು ಒಬ್ಬ ಕುಣಬಿ ಹುಡುಗನಿಗೆ ದಾಟಿಸಿದೆ. ಅವನ ಊರಿನ ದಾರಿ ನನಗೆ ಈಗಲೂ ಗೊತ್ತು. ಅವನು ಈ ಗುಂಪಿನಲ್ಲಿ ಇಲ್ಲ. ಯಾರಿಗಾದರೂ ಸಿಕ್ಕರೆ ಇದನ್ನು ಓದಿ ಹೇಳಿ.

ಇನ್ನೊಬ್ಬ ಗೌಳಿವಾಡದ ಹುಡುಗ. ‘ನಮ್ಮ ಅಜ್ಜ ದೊಡ್ಡ ದನವಂತ’ ಎಂದು ಬರೆದಿದ್ದ. ‘ಧ’ಕ್ಕೆ ಹೊಟ್ಟೆ ಸೀಳಿಲ್ಲ ಎಂದು ಅರ್ಧ ಅಂಕ ಕಳೆದೆ. ಮುಂದೊಂದು ದಿನ ಅವರ ಮನೆಗೆ ಹೋದಾಗ ಕೊಟ್ಟಿಗೆಯಲ್ಲಿ ಐವತ್ತರ ಹತ್ತಿರ ಎಮ್ಮೆ, ದನ. ಅಜ್ಜನ ಕಿಸೆಯಲ್ಲಿ ಧನ ಇದ್ದ ಹಾಗೆ ಕಾಣಲಿಲ್ಲ. ಹುಡುಗ ಸರಿಯಾಗೇ ಬರೆದಿದ್ದ.

ನಮ್ಮ ನಾಲ್ಕು ತಾಲೂಕುಗಳಂಥ ಜಾಗ ಕನ್ನಡ ಮಾಸ್ತರನಿಗೆ ಇನ್ನೊಂದಿಲ್ಲ. ಹಳಿಯಾಳದ ಹಳ್ಳಿಗಳಲ್ಲಿ ಮರಾಠಿ, ಜೋಯಿಡಾದಲ್ಲಿ ಕುಣಬಿಗಳ ಕೊಂಕಣಿ, ಮುಂಡಗೋಡದ ತಾಂಡಾಗಳಲ್ಲಿ ಲಂಬಾಣಿ, ಪೇಟೆಗಳಲ್ಲಿ ಉರ್ದು. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾದ ಮೇಲೆ ದಾಂಡೇಲಿಗೆ ತೆಲುಗು, ತಮಿಳು, ಮಲಯಾಳ, ಹಿಂದಿ ಎಲ್ಲವೂ ಸಂಬಳಕ್ಕೆ ಬಂದವು. ನಾನು ಕೆಂಪು ಮಾಡಿದ ನೋಟುಬುಕ್ಕುಗಳ ಕಾಗದವೂ ಇದೇ ಊರಿನದಿರಬೇಕು, ನಿಮ್ಮಪ್ಪಂದಿರ ಕೈ ದಾಟಿ ಬಂದದ್ದು. ಇಷ್ಟು ಮಾತುಗಳ ನಡುವೆ ಕನ್ನಡ ಬಹಳ ಮಕ್ಕಳಿಗೆ ಎರಡನೆಯದೋ ಮೂರನೆಯದೋ ಭಾಷೆ. ಪಠ್ಯಪುಸ್ತಕ ಮಾತ್ರ ಎಲ್ಲರನ್ನೂ ಮೈಸೂರಿನಲ್ಲಿ ಹುಟ್ಟಿದವರೆಂದೇ ತಿಳಿದುಕೊಂಡಿತ್ತು. ನಾನೂ ಹಾಗೇ ತಿಳಿದು ಪಾಠ ಮಾಡಿದೆ.

ಇದರಲ್ಲೂ ಒಂದು ಪಕ್ಷಪಾತ ಇತ್ತು. ಮುಂಡಗೋಡದಲ್ಲಿ 1966ರಿಂದ ಟಿಬೆಟಿಯನ್ನರ ಕ್ಯಾಂಪುಗಳಿವೆ. ಅಲ್ಲಿ ಚಹಾ ಮಾರುತ್ತಿದ್ದ ಮುದುಕನೊಬ್ಬ ನನ್ನನ್ನು ಕಂಡಾಗಲೆಲ್ಲ, “ಸರ್, ನೀನು ಟೀ ಕುಡಿತಿ?” ಎನ್ನುತ್ತಿದ್ದ. ಅವರ ಭಾಷೆಯಲ್ಲಿ ಗೌರವದ ಪದಗಳೇ ಬೇರೆ. ನನ್ನ ತಲೆಗೆ ‘ಗೋ’, ಹಿರಿಯರ ತಲೆಗೆ ‘ಊ’. ತಲೆ ಒಂದೇ, ಪದ ಎರಡು. ಅಷ್ಟು ಮರ್ಯಾದೆಯ ಭಾಷೆಯವನು ಕನ್ನಡದಲ್ಲಿ ನನಗೆ ನೀನು ಅಂದರೆ ನನಗೆ ಖುಷಿಯಾಗುತ್ತಿತ್ತು. ಎಷ್ಟು ಚಂದ ಕನ್ನಡ ಆಡುತ್ತಾನೆ ಎಂದು ಊರವರಿಗೆ ಹೇಳುತ್ತಿದ್ದೆ. ದಾಂಡೇಲಿಯ ರಿಸಾರ್ಟಿಗೆ ಬಂದ ಪ್ರವಾಸಿ ‘ಊಟ ಆಯ್ತಾ’ ಎಂದು ಎರಡೇ ಪದ ಒದರಿದರೂ ನಮಗೆ ಪುಳಕ. ಅದೇ ನೀನು ಸಿದ್ದಿ ಹುಡುಗಿಯ ಬಾಯಲ್ಲಿ ಬಂದರೆ ಉದ್ಧಟತನ. ದೂರದವನು ತಪ್ಪು ಮಾಡಿದರೆ ಮುದ್ದು, ಪಕ್ಕದ ಕೇರಿಯವಳು ಮಾಡಿದರೆ ಅನಾಗರಿಕ. ನನ್ನ ಕೆಂಪು ಪೆನ್ನು ಯಾವಾಗಲೂ ಕೆಳಗಿನವರ ಮೇಲೇ ಓಡುತ್ತಿತ್ತು.

ಹಳೆಯ ವ್ಯಾಕರಣಕಾರರು ಹೀಗಿರಲಿಲ್ಲ ಅನ್ನುವುದು ಈಗ ಕಾಣುತ್ತಿದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡಗಳು ಊರಿಗೊಂದು ಬಗೆ, ಅದರಲ್ಲಿ ದೋಷ ಇಷ್ಟೇ ಎಂದು ಗುರುತಿಸಹೊರಟರೆ ನಾಗರಾಜ ವಾಸುಕಿಗೂ ಬೇಸರ ಬಂದೀತು ಎನ್ನುತ್ತದೆ. ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರ ಹೇಳಿದ ಮೇಲೆ ಹಿಂದಿನ ಕವಿಗಳ ಪ್ರಯೋಗ ತಂದು ತೋರಿಸುತ್ತಾನೆ. ಅವರು ಬಳಸಿದ್ದೇ ಸೂತ್ರಕ್ಕೆ ಸಾಕ್ಷಿ. ನಮ್ಮ ಜಿಲ್ಲೆಯದೇ ಒಂದು ಹೆಸರಿದೆ. ಭಟ್ಕಳ ಸೀಮೆಯ ಹಾಡುವಳ್ಳಿಯ ಜೈನ ಮಠದ ಪರಂಪರೆಯ ಭಟ್ಟಾಕಳಂಕದೇವ 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ ಮುಗಿಸಿದ. 592 ಸೂತ್ರ. ಕನ್ನಡದ ವ್ಯಾಕರಣ, ಬರೆದದ್ದು ಸಂಸ್ಕೃತದಲ್ಲಿ. ಪರೀಕ್ಷೆಗಾಗಿ ನೀವು ಇದನ್ನು ಬಾಯಿಪಾಠ ಮಾಡಿದ್ದೀರಿ. ಅವನು ಹಾಗೆ ಮಾಡಿದ್ದೇಕೆ ಎಂದು ನಾನು ಹೇಳಿಕೊಡಲಿಲ್ಲ. ಕನ್ನಡ ಶಾಸ್ತ್ರಕ್ಕೆ ಒಗ್ಗದ ಭಾಷೆ ಎನ್ನುವ ಪಂಡಿತರಿದ್ದರು. ಅವರಿಗೆ ಅವರದೇ ಭಾಷೆಯಲ್ಲಿ ಉತ್ತರ ಕೊಟ್ಟು, ಇದರಲ್ಲಿ ಎಷ್ಟು ಶಾಸ್ತ್ರಗ್ರಂಥಗಳಾಗಿವೆ ನೋಡಿ ಎಂದು ವಾದ ಮಾಡಿದ. ಅವನ ವ್ಯಾಕರಣ ದೊಡ್ಡವರ ಎದುರು ನಿಂತು ಮಾತಾಡಿತು. ನನ್ನದು ಎಂಟನೆಯ ತರಗತಿಯ ಹುಡುಗನ ಎದುರು.

ಹಾಗಾದರೆ ವ್ಯಾಕರಣ ಬೇಡವೇ? ನಿಮ್ಮಲ್ಲಿ ಒಬ್ಬ, ಹುಬ್ಬಳ್ಳಿಯಲ್ಲಿ ಅಂಗಡಿ ಇಟ್ಟವನು, ಇದೇ ವಾದ ಮಾಡಿದ: ಅರ್ಥ ಆದರೆ ಸಾಕು ಸರ್. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರೂ ಮಹಾಪ್ರಾಣ ಬೇಡ ಅಂದಿದ್ದಾರಲ್ಲ ಎಂದು ನನಗೇ ತಿರುಗುಬಾಣ ಬಿಟ್ಟ. ಮಹಾಪ್ರಾಣ ಬೇಡ ಅಂದದ್ದು ನಿಜ, ಆದರೆ ವ್ಯಾಕರಣವೇ ಬೇಡ ಎಂದು ಭಟ್ಟರು ಹೇಳಲಿಲ್ಲ. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಅವರ ಪುಸ್ತಕದ ಹೆಸರೇ ಹೇಳುತ್ತದೆ. ಸಂಸ್ಕೃತದ ಅಂಗಿಯನ್ನು ಕನ್ನಡಕ್ಕೆ ತೊಡಿಸಬೇಡಿ, ಕನ್ನಡದ ಅಳತೆ ತೆಗೆಯಿರಿ ಅಂದರು. ಅಂಗಿಯೇ ಬೇಡ ಅನ್ನಲಿಲ್ಲ. ಮಹಾಪ್ರಾಣದ ವಿಷಯದಲ್ಲಿ ನಾನು ಇನ್ನೂ ಹಳಬ. ಶ್ರದ್ಧಾಂಜಲಿಯ ಧ ತಪ್ಪಿದರೆ ನನ್ನ ಕಣ್ಣಿಗೆ ಈಗಲೂ ಕಸ ಬಿದ್ದ ಹಾಗಾಗುತ್ತದೆ. ಅದು ನನ್ನ ಕಣ್ಣಿನ ಸಮಸ್ಯೆ, ನಾನೇ ಉಜ್ಜಿಕೊಳ್ಳುತ್ತೇನೆ.

‘ಅರ್ಥ ಆದರೆ ಸಾಕು’ ಎನ್ನುವ ಮಾತಿಗೆ ನನ್ನ ಉತ್ತರ ಮುಂಡಗೋಡದ ಒಂದು ತಾಂಡಾದಲ್ಲಿದೆ. ಅಲ್ಲಿನ ಮಹಿಳಾ ಸ್ವಸಹಾಯ ಸಂಘದ ಕಾರ್ಯದರ್ಶಿ ನನ್ನ ವಿದ್ಯಾರ್ಥಿನಿ. ನಡಾವಳಿ ಪುಸ್ತಕದಲ್ಲಿ ಅವಳು ಬರೆದಿದ್ದಳು: ‘ಅಧ್ಯಕ್ಷರು 5,000 ರೂ. ಕೊಟ್ಟಿದೆ.’ ಒಂದು ವರ್ಷದ ಮೇಲೆ ಲೆಕ್ಕ ತೆಗೆದಾಗ ಅಧ್ಯಕ್ಷೆ ಸಂಘಕ್ಕೆ ನಾನು 5,000 ಕೊಟ್ಟಿದ್ದೇನೆ, ಬರೆದದ್ದೇ ಇದೆಯಲ್ಲ ಎಂದಳು. ಕಾರ್ಯದರ್ಶಿ ಇಲ್ಲ, ನೀನು ತೆಗೆದುಕೊಂಡದ್ದು, ಕೊಡಬೇಕಾದದ್ದು ನೀನು ಎಂದಳು. ಒಂದು ‘ಗೆ’ ಬಿಟ್ಟುಹೋಗಿತ್ತು, ಅಷ್ಟೇ. ಅಧ್ಯಕ್ಷರಿಗೆ ಎಂದಿದ್ದರೆ ಸಾಲ ಪಡೆದವಳು, ಅಧ್ಯಕ್ಷರು ಎಂದರೆ ಕೊಟ್ಟವಳು. ಎದುರುಬದುರು ಮನೆಯವರು, ಎಂಟು ತಿಂಗಳು ಮಾತಿಲ್ಲ. ಒಬ್ಬಳ ಮಗಳ ಮದುವೆಗೆ ಇನ್ನೊಬ್ಬಳು ಹೋಗಲಿಲ್ಲ.

ನನ್ನನ್ನು ಕರೆಸಿದರು. ಪುಸ್ತಕ ಮೊದಲಿನಿಂದ ಓದಿದೆ. ಕಾರ್ಯದರ್ಶಿ ಒತ್ತು, ದೀರ್ಘ ಎಲ್ಲ ತಪ್ಪುತ್ತಾಳೆ, ಆದರೆ ಒಂದು ಕಡೆ ಅವಳ ಕೈ ತಪ್ಪಿಲ್ಲ. ಸದಸ್ಯೆ ದುಡ್ಡು ಕಟ್ಟಿದಲ್ಲೆಲ್ಲ ‘ಕಟ್ಟಿದ್ದಾರೆ’, ‘ಕೊಟ್ಟಿದ್ದಾರೆ’. ಸಂಘ ಸಾಲ ಕೊಟ್ಟಲ್ಲೆಲ್ಲ ‘ಕೊಟ್ಟಿದೆ’. ಜಗಳದ ಸಾಲಿನಲ್ಲಿದ್ದದ್ದು ‘ಕೊಟ್ಟಿದೆ’. ಕೊಟ್ಟವಳು ಅಧ್ಯಕ್ಷೆಯಾಗಿದ್ದರೆ ಕ್ರಿಯಾಪದ ‘ಕೊಟ್ಟಿದ್ದಾರೆ’ ಆಗಬೇಕಿತ್ತು. ಕೊಟ್ಟದ್ದು ಸಂಘ, ವಿಭಕ್ತಿ ಬಿಟ್ಟುಹೋಗಿದೆ ಎಂದು ಪುಟ ತಿರುಗಿಸಿ ತಿರುಗಿಸಿ ತೋರಿಸಿದೆ. ಅಧ್ಯಕ್ಷೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೌದು, ಮಗನ ಆಸ್ಪತ್ರೆಗೆ ತಗೊಂಡಿದ್ದೆ, ಮರೆತೇಹೋಗಿತ್ತು’ ಎಂದಳು. ಸುಳ್ಳು ಹೇಳುತ್ತಿರಲಿಲ್ಲ, ನಿಜಕ್ಕೂ ಮರೆತಿದ್ದಳು ಎಂದೇ ನನ್ನ ನಂಬಿಕೆ. ಮೂವತ್ತೊಂದು ವರ್ಷ ಕರ್ತೃ, ಕರ್ಮ, ಕ್ರಿಯಾಪದ ಎಂದು ಕಿರುಚಿದ್ದಕ್ಕೆ ನನಗೆ ಸಿಕ್ಕ ಸಾರ್ಥಕ್ಯ ಅದೊಂದೇ ಮಧ್ಯಾಹ್ನ.

ಹೆಸರಿನ ವಿಷಯ ಇದಕ್ಕಿಂತ ಕಷ್ಟದ್ದು. ನಮ್ಮಲ್ಲಿ ಬಸ್ತ್ಯಾಂವ ಎಂಬ ಹೆಸರಿದೆ, ಪೋರ್ಚುಗೀಸರ ಸೆಬಾಸ್ತಿಯಾಂವ ಬಾಯಿಂದ ಬಾಯಿಗೆ ಸವೆದು ಬಂದದ್ದು. ಚರ್ಚಿನ ಪುಸ್ತಕದಲ್ಲಿ ಒಂದು ಥರ, ಶಾಲೆಯಲ್ಲಿ ಬಸ್ತಾವ, ರೇಷನ್ ಕಾರ್ಡಿನಲ್ಲಿ ಬಸ್ತ್ಯಾವ್, ಆಧಾರಿನಲ್ಲಿ ಸೆಬಾಸ್ಟಿನ್. ನಾಲ್ಕು ಕಾಗದ ಒಟ್ಟಿಗೆ ಮೇಜಿನ ಮೇಲೆ ಬಿದ್ದರೆ ನಾಲ್ಕು ಜನ. ಆಮೇಲೆ ಛಾಪಾ ಕಾಗದ, ನೋಟರಿ, ‘ಈ ಹೆಸರುಗಳೆಲ್ಲ ಒಬ್ಬನವೇ’ ಎಂದು ಅಫಿಡವಿಟ್ಟು. ಕಾಡಿನ ಭೂಮಿಯ ಹಕ್ಕು ಕೇಳುವಾಗ ಇದು ಇನ್ನೂ ಕಷ್ಟ. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂತು. ಸಿದ್ದಿಗಳು ನಮ್ಮ ಜಿಲ್ಲೆಯಲ್ಲಿ 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದರು. ಕುಣಬಿ, ಗೌಳಿಗಳು ಸೇರಿರಲಿಲ್ಲ. ಪಟ್ಟಿಯ ಹೊರಗಿನವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದದ್ದನ್ನು ತೋರಿಸಬೇಕು. ಮೂರು ತಲೆಮಾರು ತೋರಿಸುವುದೆಂದರೆ ಅಜ್ಜ, ಅಪ್ಪ, ಮಗ ಒಂದೇ ಮನೆಯವರು ಎಂದು ಹೆಸರುಗಳು ತಾಳೆಯಾಗಬೇಕು. ಕಾಗದವನ್ನೇ ಕಾಣದ ಕಾಡಿನ ಮನೆಗೆ ಅದೆಷ್ಟು ಕಷ್ಟ ಎಂದು ನಿಮಗೆ ನಾನು ಹೇಳಬೇಕಿಲ್ಲ.

ಆ ಹೆಸರುಗಳನ್ನು ಮೊದಲ ಸಲ ಬರೆದವರು ಯಾರು? ನಾವೇ, ಮಾಸ್ತರರು. ಗೌಳಿ ಹುಡುಗನೊಬ್ಬನ ಎರಡಕ್ಷರದ ಹೆಸರು ನನ್ನ ಕಿವಿಗೆ ಮೊಂಡಾಗಿ ಕೇಳಿಸಿ, ಶುದ್ಧವಾಗಲಿ ಎಂದು ಕೊನೆಗೊಂದು ‘ರಾಮ’ ಸೇರಿಸಿ ರಿಜಿಸ್ಟರಿನಲ್ಲಿ ಬರೆದೆ. ಅವನ ಅಪ್ಪ ಹೆಬ್ಬೆಟ್ಟು ಒತ್ತಿದ. ಇಪ್ಪತ್ತು ವರ್ಷದ ಮೇಲೆ ಆ ರಾಮನನ್ನು ಬಿಡಿಸಿಕೊಳ್ಳಲು ಅವನು ಹಳಿಯಾಳಕ್ಕೆ ಏಳು ಸಲ ಬಸ್ಸು ಹತ್ತಿದ. ಅವನ ಯಾವ ಕಾಗುಣಿತ ತಪ್ಪೂ ಯಾರಿಗೂ ಒಂದು ರೂಪಾಯಿ ಖರ್ಚು ತಂದಿರಲಿಕ್ಕಿಲ್ಲ. ನನ್ನ ಶುದ್ಧೀಕರಣ ತಂದಿತು. (ಹಾಗೆ ನೋಡಿದರೆ ನಮ್ಮ ಒಂದು ತಾಲೂಕಿನ ಹೆಸರೇ ಜೋಯಿಡಾ, ಜೊಯಿಡಾ, ಜೋಯ್ಡಾ ಎಂದು ಬೋರ್ಡಿಗೊಂದು ರೀತಿ ಇದೆ. ಸೂಪಾ ಎಂದಿದ್ದಾಗ ಈ ತೊಂದರೆ ಇರಲಿಲ್ಲ. ಆ ಊರು ಕಾಳಿ ಅಣೆಕಟ್ಟಿನ ನೀರಿನಡಿ ಹೋಯಿತು.)

ಇನ್ನು ತಪ್ಪೇ ಇಲ್ಲದ ಕನ್ನಡದ ಮಾತು. ನಿಮ್ಮಲ್ಲಿ ಒಬ್ಬಳು ತನ್ನ ಅರ್ಜಿಗೆ ಬಂದ ಉತ್ತರ ತಂದು ತೋರಿಸಿದಳು, ಯಾವ ಕಚೇರಿ ಎಂದು ಬೇಡ: ‘ಸದರಿ ಅರ್ಜಿಯನ್ನು ಪರಿಶೀಲಿಸಲಾಗಿ, ದಾಖಲೆಗಳು ಸಮರ್ಪಕವಾಗಿಲ್ಲದ ಕಾರಣ ತಿರಸ್ಕರಿಸಲಾಗಿದೆ.’ ಒತ್ತು, ದೀರ್ಘ, ಮಹಾಪ್ರಾಣ ಎಲ್ಲ ಸರಿ. ನೂರಕ್ಕೆ ನೂರು. ಆದರೆ ಪರಿಶೀಲಿಸಿದ್ದು ಯಾರು? ತಿರಸ್ಕರಿಸಿದ್ದು ಯಾರು? ಯಾವ ದಾಖಲೆ? ಕರ್ಮಣಿ ಪ್ರಯೋಗ ಕಲಿಸುವಾಗ ನಾನು ನಿಮಗೆ ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂದು ಬರೆಸುತ್ತಿದ್ದೆ. ಅಲ್ಲಿ ರಾಮನಾದರೂ ತೃತೀಯಾ ವಿಭಕ್ತಿಯಲ್ಲಿ ಮೂಲೆಗೆ ನಿಂತಿರುತ್ತಾನೆ. ಕಚೇರಿಯ ಕನ್ನಡದಲ್ಲಿ ರಾಮನೇ ಇಲ್ಲ, ಬರೀ ಕೊಲ್ಲಲಾಗಿದೆ. ನಿಮ್ಮ ವಾಕ್ಯದಲ್ಲಿ ಕರ್ತೃಪದ ಬಿಟ್ಟರೆ ಬೆತ್ತ ಹಿಡಿಯುತ್ತಿದ್ದ ನಾನು ಈ ಕಾಗದಗಳನ್ನು ಇಷ್ಟು ವರ್ಷ ತಲೆಬಾಗಿ ಓದಿದೆ.

ದೊಡ್ಡವರು ತಪ್ಪಿದಾಗ ಏನಾಗುತ್ತದೆ ಎನ್ನುವುದಕ್ಕೆ 2024 ಸಾಕು. ಆ ವರ್ಷದ ಆಗಸ್ಟ್ 27ರಂದು ಕರ್ನಾಟಕ ಲೋಕಸೇವಾ ಆಯೋಗ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆಸಿತು. ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಪ್ರಶ್ನೆಗಳು ಅರ್ಥವಾಗುವಂತಿರಲಿಲ್ಲ. ಕನ್ನಡದಲ್ಲಿ ಓದಿ ಬಂದವರು ಕನ್ನಡದ ಪ್ರಶ್ನೆ ತಿಳಿಯದೆ ಕೂತರು. ಗದ್ದಲವಾಗಿ ಮರುಪರೀಕ್ಷೆ ಡಿಸೆಂಬರ್ 29ಕ್ಕೆ ಆಯಿತು. ಅದರಲ್ಲೂ ಅನುವಾದದ ತಪ್ಪುಗಳು. ಹಳ್ಳಿಯ ಹುಡುಗ ಹತ್ತನೆಯ ತರಗತಿಯಲ್ಲಿ ಧ ತಪ್ಪಿದ್ದಕ್ಕೆ ಅರ್ಧ ಅಂಕ ಕಳೆದುಕೊಳ್ಳುತ್ತಾನೆ. ಇಲ್ಲಿ ಅವನ ಪ್ರಶ್ನೆಪತ್ರಿಕೆಯೇ ತಪ್ಪು, ಕಳೆದುಕೊಂಡವನು ಮತ್ತೆ ಅವನೇ. ಸಿಟ್ಟು ಮಾಡಬೇಕಾದ ಕನ್ನಡ ಇದು.

ಈಗ ನಿಮ್ಮ ಮನೆಯೊಳಗಿನ ಮಾತು. ಒಬ್ಬಳು ಹೇಳಿದಳು, ಬೆಂಗಳೂರಿನಲ್ಲಿರುವ ಮಗ ಅಪ್ಪನ ಸಂದೇಶಗಳನ್ನು ನಕ್ಷತ್ರ ಚಿಹ್ನೆ ಹಾಕಿ ತಿದ್ದಿ ಕಳಿಸುತ್ತಾನಂತೆ, ತಮಾಷೆಗೆ. ಅಪ್ಪ ಈಗ ಬರೆಯುವುದನ್ನೇ ಬಿಟ್ಟು ಸೂರ್ಯೋದಯದ ಚಿತ್ರ ಕಳಿಸುತ್ತಾನೆ. ಹುಡುಗನಿಗೆ ಹೇಳಿ, ಅಪ್ಪನ ಅರ್ಧ ತಪ್ಪು ಅಪ್ಪನದಲ್ಲ, ಕೀಲಿಮಣೆಯದು. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವಾಗ ಬಲೆ, ಬಳೆ, ಬಾಳೆ ಮೂರೂ ಒಂದೇ ಬಿಲದಿಂದ ಹೊರಬರುತ್ತವೆ. ನಮ್ಮೂರಿನ ಗೌಂಡಿಯೊಬ್ಬ ನನಗೆ ‘ನಾಳೆ ಕಳ್ಳು ತರತೇನೆ, ಹತ್ತು ಗಂಟೆಗೆ ಮನೇಲಿ ಇರಿ’ ಎಂದು ಕಳಿಸಿದ್ದ. ಹಿತ್ತಲ ಗೋಡೆಗೆ ಕಲ್ಲು. ಹೆಂಡತಿಗೆ ತೋರಿಸಿದೆ. ಅವಳು ವಾರವೆಲ್ಲ ನಕ್ಕಳು. ಅವನನ್ನು ನಾನು ತಿದ್ದಲಿಲ್ಲ. ಅವಳು ತಿದ್ದಬೇಡ ಎಂದಿದ್ದಳು.

ಧ್ವನಿ ಸಂದೇಶ ಕಳಿಸಿದರಾಯಿತು ಎನ್ನುತ್ತೀರಿ. ಜೋಯಿಡಾದ ಹಳ್ಳಿಗಳಲ್ಲಿ ಸಿಗ್ನಲ್ಲಿಗೆ ಗುಡ್ಡ ಹತ್ತಬೇಕು. ಧ್ವನಿ ಅರ್ಧಕ್ಕೆ ನಿಂತು ತಿರುಗುತ್ತಿರುತ್ತದೆ, ನಾಲ್ಕು ಅಕ್ಷರ ಹೇಗೋ ನುಸುಳಿ ಬರುತ್ತವೆ. ಮೇಲಾಗಿ ಧ್ವನಿಯನ್ನು ದಿಂಬಿನಡಿ ಇಟ್ಟುಕೊಳ್ಳಲಾಗುವುದಿಲ್ಲ.

ಹಾಗಾಗಿ ನಿಮಗೆ ನನ್ನ ಕಡೆಯಿಂದ ಹೊಸ ಮನೆಪಾಠ. ಸಾಲದ ಪುಸ್ತಕ, ಗ್ರಾಮಸಭೆಯ ಠರಾವು, ಪಹಣಿ, ಮಗುವಿನ ಶಾಲಾ ದಾಖಲಾತಿ, ಇವುಗಳಲ್ಲಿ ಒಂದು ‘ಗೆ’ಯನ್ನೂ ಬಿಡಬೇಡಿ. ಯಾರು, ಯಾರಿಗೆ, ಎಷ್ಟು, ಯಾವತ್ತು ಎಂದು ಪಕ್ಕದವರಿಂದ ಇನ್ನೊಮ್ಮೆ ಓದಿಸಿ. ಹೆಸರನ್ನು ಮನೆಯವರು ಹೇಳಿದ ಹಾಗೆ ಬರೆಯಿಸಿ, ಬರೆಯುವವರು ಶುದ್ಧ ಮಾಡಲು ಹೊರಟರೆ ಪೆನ್ನು ಹಿಡಿದುಕೊಳ್ಳಿ. ‘ಲಾಗಿದೆ’ ಎಂದು ಮುಗಿಯುವ ಕಾಗದ ಬಂದರೆ ಯಾರಿಂದ ಎಂದು ಒಂದು ಸಾಲು ಬರೆದು ಕೇಳಿ. ಆ ಸಾಲಿನಲ್ಲಿ ಕಾಗುಣಿತ ತಪ್ಪಿದ್ದರೂ ಪ್ರಶ್ನೆ ಸರಿಯಾಗಿಯೇ ಇರುತ್ತದೆ. ನಿಮ್ಮಲ್ಲಿ ಮಾಸ್ತರರು, ಅಕ್ಕೋರು ಆದವರು ಹನ್ನೊಂದು ಜನ ಇದ್ದೀರಿ. ನಿಮ್ಮ ತರಗತಿಯಲ್ಲಿ ತಂಗಿ ಶಾಲೆಗೆ ಹೋಗುತ್ತದೆ ಎಂದು ಯಾರಾದರೂ ಬರೆದರೆ, ನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತೀರಿ ಎಂದು ಮೊದಲು ಕೇಳಿ, ಕನ್ನಡದಲ್ಲಿ ಹೀಗೆ ಎಂದು ಆಮೇಲೆ ಹೇಳಿ. ಎರಡನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಯಿರಿ. ಐದು ನಿಮಿಷದ ಕೆಲಸ.

ಊಟ ಬಿಡಬೇಡ ಎಂದು ಬರೆದವಳು ಮಳೆ ಕಡಿಮೆಯಾದ ಮೇಲೆ ಬಂದಳು, ಹೇಳಿದ ಹಾಗೆ. ಚೀಲದಲ್ಲಿ ಗೆಣಸು, ಒಂದು ಬಾಟಲಿ ಜೇನುತುಪ್ಪ. ಅಡುಗೆಮನೆಗೆ ಹೋಗಿ ಡಬ್ಬಗಳ ಮುಚ್ಚಳ ತೆಗೆದು ನೋಡಿ, “ಏನೂ ಮಾಡಿಕೊಳ್ಳೂದಿಲ್ಲ ನೀನು” ಎಂದು ಬೈದಳು. ಬಾಯೋರು ತನಗೆ ಒಂಬತ್ತನೆಯ ತರಗತಿಯಲ್ಲಿ ರಿಬ್ಬನ್ನು ಕೊಟ್ಟದ್ದನ್ನು ಹೇಳಿದಳು. ಹಸಿರು ರಿಬ್ಬನ್ನು. ಅದು ನನಗೆ ಗೊತ್ತೇ ಇರಲಿಲ್ಲ. ನಾನು ಫೇಲು ಮಾಡಿದ ದಿನ ನನ್ನ ಹೆಂಡತಿ ಹಿತ್ತಲ ಬಾಗಿಲಲ್ಲಿ ಕರೆದು ಕೊಟ್ಟಿದ್ದಳಂತೆ.

ಅಂಥವು ನಿಮ್ಮೆಲ್ಲರ ಹತ್ತಿರವೂ ಒಂದೊಂದು ಇರಬೇಕು. ಬರುವ ಆಷಾಢಕ್ಕೆ ನನ್ನ ಹೆಂಡತಿಯ ವರ್ಷಾಂತ. ಅವಳ ಬಗ್ಗೆ ನಿಮಗೆ ನೆನಪಿರುವುದನ್ನು ಬರೆದು ಕಳಿಸಿ. ನೀನು ಅನ್ನಿ, ನೀವು ಅನ್ನಿ, ಬಂತು ಅನ್ನಿ, ಬಂದಳು ಅನ್ನಿ. ಕನ್ನಡ ಸಾಲದಿದ್ದರೆ ನಡುವೆ ಕೊಂಕಣಿಯೋ ಮರಾಠಿಯೋ ಸೇರಿಸಿ, ಓದಿಸಿಕೊಳ್ಳುತ್ತೇನೆ. ಕೈಮುಗಿದ ಚಿತ್ರ ಮಾತ್ರ ಬೇಡ, ಅವು ನನ್ನ ಹತ್ತಿರ 41 ಇವೆ.

ನಿಮ್ಮ ಕನ್ನಡ ಮಾಸ್ತರ,
ದಾಂಡೇಲಿ